ಅರ್ಜಿ ಹಾಕಿದವರ ಮುಖ ನೋಡಬೇಡಿ

'2005ರಿಂದ ಇಲ್ಲಿಯವರೆಗಿನ ಎಲ್ಲ ಕಾಮಗಾರಿಗಳ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಟಿಪ್ಪಣಿ ಹಾಳೆ ಸಮೇತ ದೃಢೀಕೃತ ನಕಲು ಕೊಡಿ.' ನಾನು ಪುರಸಭೆಯೊಂದರಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಯಾಗಿದ್ದಾಗ ಮಾಹಿತಿ ಹಕ್ಕು ಕಾಯ್ದೆಯಡಿ (ಆರ್‌ಟಿಐ) ಇಂಥ ಅರ್ಜಿ ಬಂದರೆ ಕೇಸ್ ವರ್ಕರ್ ಮುಖ ಬಾಡುತ್ತಿತ್ತು. ಶುಲ್ಕ 10 ರೂಪಾಯಿ, ಕೆಲಸ ಎರಡು ತಿಂಗಳದ್ದು.

ಈ ಅರ್ಜಿ ಬಂದ ಮೂರನೇ ದಿನ ಗುತ್ತಿಗೆದಾರರೊಬ್ಬರು ಬಂದು ಕೂತರು. 'ಸಾರ್, ನನ್ನ ಬಿಲ್ ಪಾಸ್ ಮಾಡ್ಬಿಡಿ, ಆ ಆರ್‌ಟಿಐ ತಾನಾಗೇ ವಾಪಸ್ ಹೋಗುತ್ತೆ' ಅಂದರು. ಅರ್ಜಿಯಲ್ಲಿದ್ದ ಹೆಸರು ಬೇರೆಯವರದ್ದು!

ಇಂಥವರು ಇದ್ದಾರೆ, ಸುಳ್ಳಲ್ಲ. ಆದರೆ 'ಇವರದ್ದು ಯಾವಾಗಲೂ ಇದೇ' ಅಂತ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳಲು ಆಗುವುದಿಲ್ಲ. ನಮ್ಮ ಕಾಯ್ದೆಯಲ್ಲಿ 'ಕಿರುಕುಳದ ಅರ್ಜಿ' ಅನ್ನುವ ಮಾತೇ ಇಲ್ಲ. ಬ್ರಿಟನ್ನಿನ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ನಮ್ಮಲ್ಲಿ ಸೆಕ್ಷನ್ 6(2)ರ ಪ್ರಕಾರ ಯಾಕೆ ಬೇಕು ಅಂತ ಕೇಳುವಂತೆಯೂ ಇಲ್ಲ. ಕರ್ನಾಟಕ ಮಾಹಿತಿ ಆಯೋಗ ರಾಶಿ ರಾಶಿ ಅರ್ಜಿ ಹಾಕಿದ ಕೆಲವರನ್ನು ಕಪ್ಪುಪಟ್ಟಿಗೆ ಸೇರಿಸಿದೆ. ಆಯೋಗದ ಕಷ್ಟ ಅರ್ಥವಾಗುತ್ತದೆ, ಆದರೆ ಕಾಯ್ದೆ ಎಷ್ಟು ಸಲ ತಿರುವಿದರೂ ಅಂಥ ಪಟ್ಟಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಶೇ 75ರಷ್ಟು ಸಿಬ್ಬಂದಿ ಶೇ 75ರಷ್ಟು ಸಮಯವನ್ನು ಮಾಹಿತಿ ಕೊಡುವುದಕ್ಕೇ ಕಳೆಯುವಂತಾಗಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಈ ಸಾಲು ನಮ್ಮ ಅಧಿಕಾರಿಗಳಿಗೆಲ್ಲ ಬಾಯಿಪಾಠ. ಅದು ಸಿಬಿಎಸ್‌ಇ ಉತ್ತರ ಪತ್ರಿಕೆಯ ಪ್ರಕರಣ. ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆ ನೋಡಬಹುದು ಅಂತ ಅದೇ ತೀರ್ಪು ಹೇಳಿದ್ದು ಮಾತ್ರ ಯಾರಿಗೂ ನೆನಪಿರುವುದಿಲ್ಲ, ಅಲ್ವಾ?

ಕಾಯ್ದೆಯೊಳಗೇ ದಾರಿಗಳಿವೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಳಿದ ರೂಪದಲ್ಲೇ ಕೊಡಲು ಹೋದರೆ ಕಚೇರಿಯ ಕೆಲಸವೇ ನಿಲ್ಲುತ್ತದೆ ಅಂದಾಗ ಸೆಕ್ಷನ್ 7(9) ಇದೆ. ಅದು ರೂಪ ಬದಲಿಸಲು ಮಾತ್ರ, ಮಾಹಿತಿ ಕೊಡುವುದಿಲ್ಲ ಅನ್ನಲು ಅಲ್ಲ. ನಾನು 30 ದಿನ ಕಾಯಲಿಲ್ಲ. ಐದನೇ ದಿನವೇ ಬರೆದೆ: ಕಡತಗಳು ಇಷ್ಟಿವೆ, ಇಂಥ ದಿನ ಬಂದು ನೋಡಿ, ಬೇಕಾದ ಪುಟ ಗುರುತು ಮಾಡಿ, ಪುಟಕ್ಕೆ 2 ರೂಪಾಯಿ ಕಟ್ಟಿ ನಕಲು ಒಯ್ಯಿರಿ. ರೆಕಾರ್ಡ್ ರೂಮಿನಲ್ಲಿ ಟೇಬಲ್ ಹಾಕಿಸಿ, ಧೂಳು ಒರೆಸಿಟ್ಟು ಕಾದೆವು. ಯಾರೂ ಬರಲಿಲ್ಲ. ಮೇಲ್ಮನವಿಯೂ ಬರಲಿಲ್ಲ. ಸುಮ್ನೆ ಕೂತಿದ್ದರೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ನನ್ನ ಸಂಬಳದಿಂದ ಹೋಗಬಹುದಿತ್ತು.

ಇನ್ನೊಂದು ಅರ್ಜಿ. ನಾಲ್ಕು ಪುಟ, ಒತ್ತೊತ್ತಾದ ಅಕ್ಷರ, ಬೈಗುಳವೇ ಜಾಸ್ತಿ. 'ಬಿಡಿ ಸಾರ್, ಆ ಅಜ್ಜಿ ತಿಂಗಳಿಗೊಂದು ಹಾಕ್ತಾರೆ' ಅಂದರು ಕೇಸ್ ವರ್ಕರ್. ಆದರೂ ಕೊನೆತನಕ ಓದಿದೆ. ಮೂರನೇ ಪುಟದ ಅಡಿಯಲ್ಲಿ ಒಂದು ಸಾಲಿತ್ತು: ತೀರಿಹೋದ ಯಜಮಾನರ ಹೆಸರಿನಲ್ಲಿದ್ದ ಮನೆಯ ಖಾತೆ ಬದಲಾವಣೆಗೆ ಕೊಟ್ಟ ಅರ್ಜಿ ಎಲ್ಲಿಗೆ ಬಂತು? ಕಡತ ಹುಡುಕಿಸಿದೆ. ಹದಿನಾಲ್ಕು ತಿಂಗಳಿಂದ ಅದು ಅದೇ ಕೇಸ್ ವರ್ಕರ್‌ ಟೇಬಲ್ಲಿನ ಕೆಳಗಿನ ಡ್ರಾಯರ್‌ನಲ್ಲಿತ್ತು.