ಸೈಫೈ ಆರ್‌ಪಿಜಿಗೆ ಸೆಟ್ಟಿಂಗ್ ಸೋರ್ಸ್‌ಬುಕ್ ಯಾಕೆ ಬೇಕು: ಟ್ರಾವೆಲರ್ ಇಟ್ಕೊಂಡು ಒಂದು ಟಿಪ್ಪಣಿ

ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಕಥೆ ಕಟ್ಟೋ ಆಟ) ಈಗಷ್ಟೇ ಕಲೀತಿರೋರು ಸುಮಾರು ಜನ ಕೇಳೋದು ಇದನ್ನೇ, ರೂಲ್‌ಬುಕ್ ಇದೆ, ಕಥೆ ನಾವೇ ಕಟ್ತೀವಿ, ಮತ್ತೆ ಆಟದ ಲೋಕ ಹೇಗಿದೆ ಅಂತ ವಿವರಿಸೋ ಈ ಸೆಟ್ಟಿಂಗ್ ಪುಸ್ತಕಕ್ಕೆ, ಅಂದ್ರೆ ಸೋರ್ಸ್‌ಬುಕ್ಕಿಗೆ, ಯಾಕೆ ದುಡ್ಡು ಹಾಕ್ಬೇಕು ಅಂತ. ಫ್ಯಾಂಟಸಿ ಆಟಕ್ಕಾದ್ರೆ ಈ ಮಾತು ಒಪ್ಕೋಬೋದು. ಹಳ್ಳಿ, ಕೋಟೆ, ಕಾಡು, ರಾಜ, ಕುದುರೆ ಅಂದ್ರೆ ಸಾಕು, ಸುತ್ತ ಕೂತಿರೋ ಎಲ್ಲರ ತಲೇಲೂ ಹೆಚ್ಚುಕಮ್ಮಿ ಒಂದೇ ಚಿತ್ರ ಬರತ್ತೆ. ಸೈಫೈನಲ್ಲಿ ಹಾಗಾಗಲ್ಲ. "ನೀವೆಲ್ಲ ಒಂದು ಸ್ಪೇಸ್‌ಶಿಪ್‌ನಲ್ಲಿದ್ದೀರ" ಅಂದ ಕೂಡ್ಲೇ ಒಬ್ಬ ಪಕ್ಕದ ನಕ್ಷತ್ರಕ್ಕೆ ವಿಡಿಯೋ ಕಾಲ್ ಮಾಡ್ಬೋದು ಅನ್ಕೊಂಡಿರ್ತಾನೆ, ಇನ್ನೊಬ್ಳು ಸತ್ರೆ ಬ್ಯಾಕಪ್‌ನಿಂದ ಎದ್ದು ಬರ್ಬೋದು ಅನ್ಕೊಂಡಿರ್ತಾಳೆ, ಮೂರನೆಯವರು ಹಡಗು ಓಡಿಸೋದೇ ಎಐ ಅಂತ ನಂಬಿರ್ತಾರೆ, ಆಟ ಅರ್ಧಕ್ಕೆ ಬಂದಾಗ ಈ ಮೂರೂ ಒಂದಕ್ಕೊಂದು ಡಿಕ್ಕಿ ಹೊಡೀತವೆ. ಸೈಫೈನಲ್ಲಿ ಸೋರ್ಸ್‌ಬುಕ್ಕಿನ ಮೊದಲನೇ ಕೆಲಸ ಇದೇ, ಈ ಲೋಕದಲ್ಲಿ ಏನು ಆಗತ್ತೆ, ಮುಖ್ಯವಾಗಿ ಏನು ಆಗಲ್ಲ, ಅನ್ನೋದನ್ನ ಆಟಕ್ಕೆ ಮುಂಚೇನೇ ಎಲ್ಲರಿಗೂ ಒಂದೇ ಮಾಡಿ ಕೊಡೋದು.

ಇದು ಕಲಿಯೋಕೆ ಒಳ್ಳೇ ಉದಾಹರಣೆ ಅಂದ್ರೆ ಟ್ರಾವೆಲರ್. ಮಾರ್ಕ್ ಮಿಲ್ಲರ್ ರೂಪಿಸಿದ ಆಟ, ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ 1977ರಲ್ಲಿ ತಂದಿದ್ದು. ಆಗ ಪೆಟ್ಟಿಗೇಲಿ ಇದ್ದಿದ್ದು ಮೂರು ಚಿಕ್ಕ ಕಪ್ಪು ಪುಸ್ತಕ ಅಷ್ಟೇ, ತಯಾರಾದ ವಿಶ್ವ ಅಂತ ಏನೂ ಇರ್ಲಿಲ್ಲ, ದಾಳ ಉರುಳಿಸಿ ನಿಮ್ಮ ಗ್ರಹ ನೀವೇ ಮಾಡ್ಕೊಳ್ಳಿ ಅನ್ನೋ ಲೆಕ್ಕ. 1979ರಲ್ಲಿ ಸ್ಪಿನ್‌ವರ್ಡ್ ಮಾರ್ಚಸ್ ಅನ್ನೋ ಸಪ್ಲಿಮೆಂಟ್, ಅಂದ್ರೆ ಸೆಟ್ಟಿಂಗ್ ಪುಸ್ತಕ, ಬಂತು. ಆಟದೊಳಗಿನ ಒಂದು ಸಾಮ್ರಾಜ್ಯದ ಗಡಿ ಪ್ರದೇಶ, 32 ಅಡ್ಡ 40 ಉದ್ದ ಷಟ್ಕೋನದ ಮನೆಗಳ ನಕ್ಷೆ, ಒಂದು ಮನೆ ಅಂದ್ರೆ ಒಂದು ಪಾರ್ಸೆಕ್ (ಸುಮಾರು 3.26 ಜ್ಯೋತಿರ್ವರ್ಷ), ಒಟ್ಟು 16 ಸಬ್‌ಸೆಕ್ಟರ್ (ಉಪಭಾಗ). ತೆಳು ಪುಸ್ತಕ. ಒಳಗೆ ಹೆಚ್ಚಿನ ಪಾಲು ಬರೀ ನಕ್ಷೆ ಮತ್ತೆ ಪಟ್ಟಿ, ಮೊದಲ ಸಲ ತೆಗೆದೋರಿಗೆ ರೈಲ್ವೆ ಟೈಮ್‌ಟೇಬಲ್ ಥರಾನೇ ಕಾಣತ್ತೆ.

ಆ ಪಟ್ಟೀಲಿ ಒಂದು ಸಾಲು ಬಿಡಿಸಿ ನೋಡೋಣ. ರೆಜೈನಾ ಅನ್ನೋ ಗ್ರಹ, ಕೋಡ್ ಎ788899, ಆಮೇಲೆ ಒಂದು ಅಡ್ಡಗೆರೆ ಹಾಕಿ ಟೆಕ್ ಲೆವೆಲ್, ಅಂದ್ರೆ ಅಲ್ಲಿ ತಂತ್ರಜ್ಞಾನ ಎಷ್ಟು ಮುಂದಿದೆ ಅಂತ. ಮೊದಲನೇ ಎ ಅಂದ್ರೆ ಸ್ಟಾರ್‌ಪೋರ್ಟ್ (ಹಡಗು ಇಳಿಯೋ ನಿಲ್ದಾಣ) ಅತ್ಯುತ್ತಮ ದರ್ಜೆದು, ಸ್ಟಾರ್‌ಶಿಪ್ ಕಟ್ಟೋ ಯಾರ್ಡ್ ಕೂಡ ಇದೆ. 7 ಅಂದ್ರೆ ವ್ಯಾಸ ಸುಮಾರು 7000 ಮೈಲಿ, ಅಂದ್ರೆ ಭೂಮಿಗಿಂತ ಸ್ವಲ್ಪ ಚಿಕ್ಕದು. ಮುಂದಿನ 8 ದಟ್ಟ ಗಾಳಿ, ಅದರ ಮುಂದಿನ 8 ಮೇಲ್ಮೈಯಲ್ಲಿ ಸುಮಾರು ಶೇ. 80 ನೀರು, ಮೂರನೇ 8 ಜನಸಂಖ್ಯೆ ಹತ್ತಾರು ಕೋಟಿ. ಕೊನೆಯ ಎರಡು 9 ಇದಾವಲ್ಲ, ಆಟದ ರುಚಿ ಇರೋದೇ ಅಲ್ಲಿ. ಮೊದಲ 9 ಸರ್ಕಾರ, ಮುಖ ಇಲ್ಲದ ಅಧಿಕಾರಿಶಾಹಿ. ಎರಡನೇ 9 ಕಾನೂನಿನ ಬಿಗಿ, ಮನೆಯಿಂದ ಆಚೆ ಯಾವ ಆಯುಧಾನೂ ಇಟ್ಕೊಳ್ಳಂಗಿಲ್ಲ. ಈಗ ನಿಮ್ಮ ಟೀಮ್ ಸೊಂಟಕ್ಕೆ ಗನ್ ಸಿಕ್ಕಿಸ್ಕೊಂಡು ಹಡಗಿಂದ ಇಳೀತು ಅನ್ಕೊಳ್ಳಿ. ಜಿಎಂ (ಗೇಮ್ ಮಾಸ್ಟರ್, ಆಟ ನಡೆಸೋರು) ಏನನ್ನೂ ಮೊದಲೇ ಬರ್ಕೊಂಡು ಬಂದಿರ್ಬೇಕಾಗಿಲ್ಲ, ಗೇಟ್‌ನಲ್ಲೇ ತಡೀತಾರೆ, ಗನ್ ಲಾಕರ್‌ಗೆ ಹೋಗತ್ತೆ, ಫಾರ್ಮ್ ತುಂಬಿಸ್ತಾರೆ, ಈ ಕೌಂಟರ್ ಅಲ್ಲ ಆ ಕೌಂಟರ್ ಅಂತಾರೆ, ಲಂಚಕ್ಕೆ ಯಾರನ್ನ ಹಿಡೀಬೇಕು ಅಂತ ಆಟಗಾರರೇ ಯೋಚ್ನೆ ಶುರು ಮಾಡ್ತಾರೆ. ಎರಡು ಅಂಕಿಯಿಂದ ಒಂದು ಇಡೀ ದೃಶ್ಯ. ಅಧ್ಯಾಯಗಟ್ಲೆ ರಾಜವಂಶದ ಚರಿತ್ರೆ ಓದಿದ್ರೂ ಆಟದ ಮಧ್ಯೆ ಥಟ್ ಅಂತ ಇದು ಸಿಗಲ್ಲ.

ಇನ್ನೊಂದು, ಇದು ಇನ್ನೂ ಮುಖ್ಯ, ನಿರ್ಬಂಧಗಳು. ಟ್ರಾವೆಲರ್‌ನಲ್ಲಿ ಒಂದು ಜಂಪ್‌ಗೆ, ಅಂದ್ರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರೋಕೆ, ಸುಮಾರು ಒಂದು ವಾರ, ಒಂದು ಪಾರ್ಸೆಕ್ ಹೋದ್ರೂ ಅಷ್ಟೇ, ಜಂಪ್-6 ಎಂಜಿನ್ ಇಟ್ಕೊಂಡು ಆರು ಹೋದ್ರೂ ಅಷ್ಟೇ. ಬೆಳಕಿಗಿಂತ ವೇಗವಾಗಿ ಹೋಗೋ ರೇಡಿಯೋ ಇಲ್ಲ. ಸುದ್ದಿ ಅನ್ನೋದು ಹಡಗಲ್ಲೇ ಹೋಗ್ಬೇಕು. ಅದಕ್ಕೆ ಎಕ್ಸ್‌ಬೋಟ್ ಅಂತ ಅಂಚೆ ಹಡಗುಗಳಿವೆ, ಜಂಪ್-4, ಒಂದು ಹಡಗು ಬಂದು ತಲುಪಿದ ಕೂಡ್ಲೇ ಸಂದೇಶ ಮುಂದಿನ ಹಡಗಿಗೆ ದಾಟಿ ಹೊರಟುಬಿಡತ್ತೆ. ಈಗ ಲೆಕ್ಕ ಹಾಕಿ. ನಿಮ್ಮ ಟೀಮ್ ಏನೋ ಕದ್ದು ಜಂಪ್-2 ಹಡಗಲ್ಲಿ 12 ಪಾರ್ಸೆಕ್ ದೂರ ಓಡ್ತಿದೆ, ಅಂದ್ರೆ ಆರು ಜಂಪ್, ಆರು ವಾರ, ನಡುನಡುವೆ ಇಂಧನ ತುಂಬ್ಸೋ ದಿನಗಳು ಬೇರೆ. ವಾರಂಟ್ ಮಾತ್ರ ಎಕ್ಸ್‌ಬೋಟ್ ದಾರೀಲಿ ಮೂರೇ ಜಂಪ್‌ನಲ್ಲಿ ತಲುಪಿ ಇವರಿಗೋಸ್ಕರ ಕಾಯ್ತಾ ಕೂತಿರತ್ತೆ! ಆದ್ರೆ ನಕ್ಷೆ ತೆಗೆದು ಎಕ್ಸ್‌ಬೋಟ್ ಗೆರೆ ಹೋಗದೇ ಇರೋ ಒಂದು ಬಡ ಗ್ರಹ ಹುಡುಕಿದ್ರೆ ಇವರೇ ಮೊದಲು ತಲುಪ್ಬೋದು. ಆಟಗಾರರು ನಕ್ಷೆ ಮೇಲೆ ಬಗ್ಗಿ ಬೆರಳಿಟ್ಟು ದಾರಿ ಎಣಿಸೋಕೆ ಶುರು ಮಾಡಿದ್ರು ಅಂದ್ರೆ ಆ ಪುಸ್ತಕ ತನ್ನ ಕೆಲಸ ಮಾಡ್ತಿದೆ ಅಂತ ಅರ್ಥ.

ಇಂಧನದ ಲೆಕ್ಕಾನೂ ಹಾಗೇ. ಪ್ರತಿ ಪಾರ್ಸೆಕ್‌ಗೆ ಹಡಗಿನ ಗಾತ್ರದ ಹತ್ತನೇ ಒಂದು ಭಾಗ, 200 ಟನ್ ಹಡಗು ಜಂಪ್-2 ಮಾಡಿದ್ರೆ 40 ಟನ್ ಹೋಯ್ತು. ಅದಕ್ಕೇ ನಕ್ಷೇಲಿ ಗ್ಯಾಸ್ ಜೈಂಟ್ (ಗುರು ಗ್ರಹದಂಥ ಅನಿಲದ ದೈತ್ಯ ಗ್ರಹ) ಎಲ್ಲಿದೆ ಅಂತ ಗುರುತು, ಅಲ್ಲಿ ಪುಕ್ಕಟೆ ಇಂಧನ ಬಾಚ್ಕೋಬೋದು. ಫ್ರೀ ಟ್ರೇಡರ್ ಅನ್ನೋ ಬಡ ವ್ಯಾಪಾರಿ ಹಡಗು ಜಂಪ್-1 ಅಷ್ಟೇ, ಅದಕ್ಕೆ ಒಂದೊಂದೇ ಪಾರ್ಸೆಕ್ ಅಂತರದಲ್ಲಿ ಸಾಲಾಗಿರೋ ಗ್ರಹಗಳ ಸರಪಳಿ ಬಿಟ್ಟು ಬೇರೆ ಕಡೆ ಹೋಗೋಕಾಗಲ್ಲ, ಆ ಸರಪಳಿಗೆ ಸ್ಪಿನ್‌ವರ್ಡ್ ಮೇನ್ ಅಂತಾರೆ.

ಎಲ್ಲಾ ಸೋರ್ಸ್‌ಬುಕ್ಕೂ ಹೀಗೇ ಇರತ್ತೆ ಅಂತಲ್ಲ. ಸ್ಟೀವ್ ಜಾಕ್ಸನ್ ಗೇಮ್ಸ್‌ನ ಟ್ರಾನ್ಸ್‌ಹ್ಯೂಮನ್ ಸ್ಪೇಸ್, 2002ದು, ಪೂರ್ತಿ ಬೇರೆ ದಾರಿ. ಕ್ರಿ.ಶ. 2100, ಸೌರಮಂಡಲ, ಬೆಳಕಿನ ವೇಗ ದಾಟೋ ಯಂತ್ರವೇ ಇಲ್ಲ. ಮನಸ್ಸನ್ನ ಕಂಪ್ಯೂಟರ್‌ಗೆ ಇಳಿಸೋದು, ಜೀನ್ ತಿದ್ದಿದ ಮನುಷ್ಯರು, ಮಂಗಳದ ವಸಾಹತು, ಎಲ್ಲದರ ಬಗ್ಗೆ ಎಷ್ಟು ವಿವರ ಅಂದ್ರೆ ಓದೋಕೆ ಖುಷಿಯಾಗತ್ತೆ, ಆದ್ರೆ ಓದಿ ಮುಗಿಸಿ ನಮ್ಮ ಪಾತ್ರಗಳು ಇಲ್ಲಿ ದಿನಾ ಮಾಡೋದೇನು ಅಂದ್ರೆ ಉತ್ತರ ಸುಲಭಕ್ಕೆ ಹೊಳೆಯಲ್ಲ. ಟ್ರಾವೆಲರ್‌ನಲ್ಲಿ ಹಡಗಿನ ಸಾಲದ ಕಂತು ಕಟ್ಟೋ ಚಿಂತೆಯೇ ಟೀಮನ್ನ ಎದ್ದು ಓಡಾಡೋ ಹಾಗೆ ಮಾಡತ್ತೆ. ನನ್ನ ಪ್ರಕಾರ ಪುಸ್ತಕ ಕೊಳ್ಳೋ ಮುಂಚೆ ಇದೊಂದನ್ನ ನೋಡ್ಲೇಬೇಕು, ಪಾತ್ರಗಳಿಗೆ ದುಡ್ಡು, ಅಪಾಯ, ಕೆಲಸ ಎಲ್ಲಿಂದ ಬರತ್ತೆ ಅಂತ ಪುಸ್ತಕ ಹೇಳತ್ತಾ ಇಲ್ವಾ.

ಸೋರ್ಸ್‌ಬುಕ್ ಆಟದ ಆಚೆಗೂ ಉಪಯೋಗಕ್ಕೆ ಬಂದಿದೆ. ವೆಸ್ಟ್ ಎಂಡ್ ಗೇಮ್ಸ್ 1987ರಲ್ಲಿ ಸ್ಟಾರ್ ವಾರ್ಸ್ ಆರ್‌ಪಿಜಿ ತಂದಾಗ ಜೊತೆಗೆ ಸೋರ್ಸ್‌ಬುಕ್ಕೂ ಬಂತು, ಮುಂದೆ 1991ರಲ್ಲಿ ಬಂದ ಸ್ಟಾರ್ ವಾರ್ಸ್ ಕಾದಂಬರಿ ಬರೀಬೇಕಾದ್ರೆ ಟಿಮೊತಿ ಝಾನ್‌ಗೆ ರೆಫರೆನ್ಸ್ ಅಂತ ಕಳ್ಸಿಕೊಟ್ಟಿದ್ದು ಈ ಆಟದ ಪುಸ್ತಕಗಳನ್ನೇ. ಹಡಗು, ಅನ್ಯಲೋಕದ ಜೀವಿಗಳು, ಗ್ರಹ ಎಲ್ಲಾ ಒಂದೇ ಕಡೆ ಹೊಂದಿಸಿ ಇಟ್ಟಿದ್ದಕ್ಕೆ ಬಂದ ಬೆಲೆ ಅದು.

ತೊಂದರೇನೂ ಇದೆ. ಹಲವು ದಶಕ ಬೆಳೆದ ಸೆಟ್ಟಿಂಗ್ ಅಂದ್ರೆ ಟೇಬಲ್‌ನಲ್ಲಿ ಜಿಎಂಗಿಂತ ಜಾಸ್ತಿ ಓದಿರೋ ಆಟಗಾರ ಒಬ್ಬರಾದ್ರೂ ಇರ್ತಾರೆ, "ಇಲ್ಲ ಇಲ್ಲ, ಆ ಯುದ್ಧ ಹಾಗೆ ಮುಗಿಯಲ್ಲ" ಅಂತ ತಡೀತಾರೆ. ಇದಕ್ಕೆ ಸುಲಭದ ದಾರಿ ಅಂದ್ರೆ ಆಟಕ್ಕೆ ಒಂದು ಶುರುವಿನ ತಾರೀಖು ಗೊತ್ತು ಮಾಡೋದು. ಸಾಮ್ರಾಜ್ಯದ ವರ್ಷ 1105 ಅಂತ ಇಟ್ಕೊಂಡ್ರೆ ಅಲ್ಲೀತನಕದ್ದು ಪುಸ್ತಕದಲ್ಲಿರೋ ಹಾಗೇ ನಿಜ, 1107ರಲ್ಲಿ ಶುರುವಾಗೋ ಐದನೇ ಗಡಿ ಯುದ್ಧ ಈ ಟೇಬಲ್‌ನಲ್ಲಿ ಆಗ್ಬೋದು, ಆಗ್ದೇನೂ ಇರ್ಬೋದು, ನಿಮ್ಮ ಟೀಮ್ ಸೇರ್ಕೊಂಡು ಅದನ್ನ ತಪ್ಪಿಸ್ಲೂಬಹುದು. ಇದನ್ನ ಮೊದಲನೇ ಸೆಷನ್‌ನಲ್ಲೇ ಬಾಯಿಬಿಟ್ಟು ಹೇಳ್ಬಿಡಿ.