ಫ್ರೇಮ್ ಜಾಸ್ತಿ ಇದ್ದರೆ ಅಳತೆ ಸರಿ ಬರುತ್ತಾ?

ಪ್ರಶ್ನೆ: ಗಾಡಿ ಟೆಸ್ಟಿಂಗ್‌ನಲ್ಲಿ ಚಕ್ರದ ಚಲನೆ ಅಳೆಯೋಕೆ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ತೆಗೆಯುವ ಫ್ರೇಮ್, ಅಂದರೆ ಚಿತ್ರ) ಕ್ಯಾಮೆರಾ ಬೇಕು? ನನ್ನ ಫೋನ್‌ನಲ್ಲೇ 960 ಇದೆ. ಅದು ಸಾಕಾಗಲ್ವಾ?

ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಬ್ಬರು 960 ಸಾಕಾ ಅಂತ ಕೇಳುತ್ತಾರೆ, ಇನ್ನೊಬ್ಬರು 10,000 ಇಲ್ಲದೆ ಆಗುತ್ತಾ ಅಂತ. ಎಲ್ಲರಿಗೂ ಬೇಕಿರುವುದು ಒಂದು ಸಂಖ್ಯೆ. ಸರಿ, ಮೊದಲೇ ಹೇಳಿಬಿಡುತ್ತೇನೆ. ಓಡುವ ಗಾಡಿಯ ಸಸ್ಪೆನ್ಷನ್ ಕೆಲಸಕ್ಕೆ ಸೆಕೆಂಡಿಗೆ 500 ಫ್ರೇಮ್ ಧಾರಾಳವಾಯಿತು. ನಿಮ್ಮ ಫೋನ್ ಸಾಲದು. ಆದರೆ ಅದು ಸಾಲದಿರೋದು ಫ್ರೇಮ್ ಕಡಿಮೆ ಅಂತ ಅಲ್ಲ.

ಮೊದಲು, ಅಳೆಯೋದು ಏನನ್ನು? ಚಕ್ರ ಎಷ್ಟು ಜೋರಾಗಿ ಸುತ್ತುತ್ತಿದೆ ಅಂತ ತಿಳಿಯೋಕೆ ಕ್ಯಾಮೆರಾ ಬೇಕಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ಕಾಯುವ ಎಬಿಎಸ್‌ನ ಸೆನ್ಸರ್ ಆ ಕೆಲಸವನ್ನು ದಿನವೂ ಮಾಡುತ್ತಿದೆ. ಕ್ಯಾಮೆರಾ ಬೇಕಾಗೋದು ಉಳಿದ ಐದಕ್ಕೆ: ಚಕ್ರ ಮೇಲೆ-ಕೆಳಗೆ ಎಷ್ಟು ಹೋಯಿತು, ಹಿಂದೆ-ಮುಂದೆ ಎಷ್ಟು, ಒಳಗೆ-ಹೊರಗೆ ಎಷ್ಟು, ಎಡಕ್ಕೆ-ಬಲಕ್ಕೆ ಎಷ್ಟು ತಿರುಗಿತು, ಎಷ್ಟು ವಾಲಿತು. ತಿರುವಿನಲ್ಲಿ ಬ್ರೇಕ್ ಒತ್ತಿ, ಅದೇ ಹೊತ್ತಿಗೆ ಚಕ್ರ ಗುಂಡಿಗೆ ಬಿದ್ದರೆ ಈ ಐದೂ ಒಟ್ಟಿಗೆ ಬದಲಾಗುತ್ತವೆ. ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ಅದುಮಿಕೊಳ್ಳುತ್ತವೆ, ಚಕ್ರ ತನ್ನ ಜಾಗದಿಂದ ಹಿಂದೆ ಸರಿಯುತ್ತದೆ. ಟೈರು ಫೆಂಡರ್ (ಚಕ್ರದ ಮೇಲಿನ ತಗಡು) ಒಳಗೆ ತಾಗುತ್ತಾ ಇಲ್ವಾ ಅನ್ನೋದಕ್ಕೆ ಉತ್ತರ ಸಿಗೋದು ಇಲ್ಲೇ.

ಈಗ ಆ ನಂಬಿಕೆಗೆ ಬರೋಣ. "ಫ್ರೇಮ್ ಜಾಸ್ತಿ ಇದ್ದಷ್ಟೂ ಚಿತ್ರ ಸ್ಪಷ್ಟ, ಅಳತೆ ನಿಖರ." ಎಷ್ಟು ಸಲ ಅಲ್ಲ ಅಂದರೂ ಇದು ಹೋಗೋದಿಲ್ಲ. ಲೆಕ್ಕ ಹಾಕಿಯೇ ನೋಡೋಣ.

ಟೈರಿನ ಸುತ್ತಳತೆ 2 ಮೀಟರ್ ಅಂದುಕೊಳ್ಳಿ. ಗಾಡಿ ಗಂಟೆಗೆ 100 ಕಿ.ಮೀ. ಓಡುತ್ತಿದೆ, ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕ್ಯಾಮೆರಾ ಗಾಡಿಯ ಮೇಲೇ ಕೂತಿದ್ದರೆ, ಅದರ ಕಣ್ಣಿಗೆ ಟೈರಿನ ಹೊರ ಅಂಚು ಸುತ್ತುವ ವೇಗವೂ 28 ಮೀಟರ್. ಶಟರ್ ಒಂದು ಮಿಲಿಸೆಕೆಂಡ್ ತೆರೆದಿದ್ದರೆ ಆ ಅಂಚು ಚಿತ್ರದಲ್ಲಿ 28 ಮಿ.ಮೀ. ಉದ್ದಕ್ಕೆ ಬಳಿದುಕೊಳ್ಳುತ್ತದೆ. 20 ಮೈಕ್ರೊಸೆಕೆಂಡ್ ಮಾತ್ರ ತೆರೆದಿದ್ದರೆ ಅರ್ಧ ಮಿ.ಮೀ.ಗಿಂತ ಚೂರು ಜಾಸ್ತಿ, ಅಷ್ಟೇ. ಈ ಲೆಕ್ಕದಲ್ಲಿ ಫ್ರೇಮ್ ಸಂಖ್ಯೆ ಎಲ್ಲಾದರೂ ಬಂತಾ? ಇಲ್ಲ. ಚಿತ್ರ ಮಸುಕಾಗೋದು ಶಟರ್ ತೆರೆದಿರುವ ಹೊತ್ತಿನಿಂದ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಹೇಗೆ? ಸೆಕೆಂಡಿಗೆ 10,000 ಫ್ರೇಮ್ ತೆಗೆಯುವಾಗ ಒಂದು ಫ್ರೇಮಿಗೆ ಸಿಗೋದೇ 100 ಮೈಕ್ರೊಸೆಕೆಂಡ್. ಶಟರ್ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರೋಕೆ ಜಾಗವೇ ಇಲ್ಲ. ಹಾಗಾಗಿ ಚಿತ್ರ ತಾನಾಗಿಯೇ ಸ್ಪಷ್ಟವಾಗಿ ಕಾಣುತ್ತದೆ, ಜನ ಅದರ ಶ್ರೇಯಸ್ಸನ್ನು ಫ್ರೇಮಿಗೆ ಕೊಡುತ್ತಾರೆ. ಆದರೆ 500 ಫ್ರೇಮಿನ ಕ್ಯಾಮೆರಾಕ್ಕೆ ಶಟರ್ 20 ಮೈಕ್ರೊಸೆಕೆಂಡ್ ಇಟ್ಟರೆ ಬಳಿದುಕೊಳ್ಳೋದು 0.56 ಮಿ.ಮೀ. 10,000 ಫ್ರೇಮಿನದ್ದು ಪೂರ್ತಿ 100 ಮೈಕ್ರೊಸೆಕೆಂಡ್ ತೆರೆದಿದ್ದರೆ 2.8 ಮಿ.ಮೀ. ಯಾವುದು ಸ್ಪಷ್ಟ, ನೀವೇ ಹೇಳಿ. ಅಕ್ಷರ ಅಳಿಸಿಹೋದ ಕಾಗದವನ್ನು 20 ಸಲ ಜೆರಾಕ್ಸ್ ಮಾಡಿಸಿದರೆ ಓದೋಕೆ ಬರುತ್ತಾ?

ಇನ್ನು ಎಷ್ಟು ಫ್ರೇಮ್ ಬೇಕು ಅನ್ನೋದನ್ನು ಚಲನೆಯೇ ಹೇಳುತ್ತದೆ. ಕಾರಿನ ಬಾಡಿ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಒಂದೆರಡು ಸಲ ತೂಗುತ್ತದೆ. ಚಕ್ರ ಟೈರಿನ ಮೇಲೆ ಕುಣಿಯೋದು 10ರಿಂದ 15 ಸಲ. 500 ಫ್ರೇಮ್ ಇದ್ದರೆ ಒಂದೊಂದು ಕುಣಿತಕ್ಕೂ 30ಕ್ಕಿಂತ ಹೆಚ್ಚು ಚಿತ್ರ ಸಿಗುತ್ತದೆ. "ಆದರೆ ಚಕ್ರ ಸುತ್ತೋದು ಫಾಸ್ಟ್ ಅಲ್ವಾ?" ಹೌದು, 100 ಕಿ.ಮೀ. ವೇಗದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 10 ಡಿಗ್ರಿ ಸುತ್ತುತ್ತದೆ. ಸುತ್ತಲಿ ಬಿಡಿ. ಅಳತೆಗಾಗಿ ಚಕ್ರಕ್ಕೆ ಅಂಟಿಸುವ ಚುಕ್ಕೆಗಳಿಗೆ ಬೇರೆ ಬೇರೆ ಗುರುತು ಇರುತ್ತದೆ, ಯಾವುದು ಯಾವುದು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುತ್ತದೆ.

ಫ್ರೇಮ್ ಏರಿಸಿದರೆ ತಾಪತ್ರಯವೂ ಏರುತ್ತದೆ. ಹತ್ತು ಲಕ್ಷ ಪಿಕ್ಸೆಲ್‌ನ ಕಪ್ಪು-ಬಿಳುಪು ಚಿತ್ರ, ಪಿಕ್ಸೆಲ್‌ಗೆ ಒಂದು ಬೈಟ್ ಅಂದರೂ, 500 ಫ್ರೇಮಿಗೆ ಸೆಕೆಂಡಿಗೆ ಅರ್ಧ ಜಿಬಿ. 10,000ಕ್ಕೆ 10 ಜಿಬಿ. ಅದಕ್ಕೇ ಎಷ್ಟೋ ಕ್ಯಾಮೆರಾಗಳು ಫ್ರೇಮ್ ಏರಿದಂತೆ ಚಿತ್ರದ ಅಳತೆಯನ್ನೇ ಕುಗ್ಗಿಸುತ್ತವೆ. ಪಿಕ್ಸೆಲ್ ಹೋದರೆ ನಿಖರತೆಯೂ ಹೋಯಿತು. ಒಂದು ಮೀಟರ್ ಅಗಲವನ್ನು ಸಾವಿರ ಪಿಕ್ಸೆಲ್‌ನಲ್ಲಿ ಹಿಡಿದರೆ ಪಿಕ್ಸೆಲ್‌ಗೆ ಒಂದು ಮಿ.ಮೀ. ದುಂಡು ಚುಕ್ಕೆಯ ನಡುಬಿಂದುವನ್ನು ಪಿಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಹುಡುಕಬಹುದು, ಹಾಗೆ 0.1 ಮಿ.ಮೀ. ಕೈಗೆ ಬರುತ್ತದೆ. ಇದೇ ಚಿತ್ರ 250 ಪಿಕ್ಸೆಲ್‌ಗೆ ಇಳಿದರೆ ಆ ಸೂಕ್ಷ್ಮ ಎಲ್ಲಿಂದ ತರೋದು?

ಟೆಸ್ಟ್ ಗಾಡಿಯನ್ನು ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ಬಾಡಿಯಿಂದ ಹೊರಗೆ ಚಾಚಿದ ತೋಳಿನ ತುದಿಯಲ್ಲಿ ಕ್ಯಾಮೆರಾ, ಲೆನ್ಸ್ ಸುತ್ತ ಎಲ್‌ಇಡಿ. ರಿಮ್‌ಗೆ ಬೋಲ್ಟ್ ಹಾಕಿದ ಹಗುರವಾದ ತಟ್ಟೆ, ಅದರ ತುಂಬ ಚುಕ್ಕೆ. ಚುಕ್ಕೆಗಳು ರಸ್ತೆ ಫಲಕದಲ್ಲಿರುವಂಥ ಸ್ಟಿಕ್ಕರ್, ಬಿದ್ದ ಬೆಳಕನ್ನು ಬಂದ ಕಡೆಗೇ ಕಳಿಸುತ್ತವೆ. 20 ಮೈಕ್ರೊಸೆಕೆಂಡ್‌ನಲ್ಲಿ ಸಿಗುವ ಬೆಳಕು ತೀರಾ ಕಡಿಮೆ, ಅದಕ್ಕೇ ಈ ಏರ್ಪಾಡು. ಚಕ್ರದ ಮೇಲಿನ ಫೆಂಡರ್‌ಗೂ ಒಂದಿಷ್ಟು ಚುಕ್ಕೆ ಅಂಟಿಸಿರುತ್ತಾರೆ. ಸುಮ್ನೆ ಅಲ್ಲ. ಕ್ಯಾಮೆರಾದ ತೋಳು ನಡುಗದೆ ಇರೋದಿಲ್ಲ. ಒಂದೇ ಫ್ರೇಮಿನಲ್ಲಿ ಚಕ್ರದ ಚುಕ್ಕೆ, ಬಾಡಿಯ ಚುಕ್ಕೆ ಎರಡೂ ಇದ್ದರೆ ಆ ನಡುಕ ಕಳೆದುಹೋಗುತ್ತದೆ. ನನ್ನ ಕೇಳಿದರೆ ಇಡೀ ವ್ಯವಸ್ಥೆಯ ಜಾಣತನ ಇರೋದು ಈ ಫೆಂಡರ್ ಚುಕ್ಕೆಗಳಲ್ಲಿ. ಅದರ ಬಗ್ಗೆ ಮಾತ್ರ ಯಾರೂ ಕೇಳೋದಿಲ್ಲ! (ತೆಳು ತಗಡು ತಾನೂ ನಡುಗುತ್ತದೆ, ಹಾಗಾಗಿ ಚುಕ್ಕೆಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಅಗಲಕ್ಕೆ ಹರಡಬೇಕು.)

ಒಂದೇ ಕ್ಯಾಮೆರಾದ ಕೊರತೆಯನ್ನೂ ಹೇಳಿಬಿಡಬೇಕು. ಪಕ್ಕದಿಂದ ನೋಡುವ ಕಣ್ಣಿಗೆ ಮೇಲೆ-ಕೆಳಗೆ ಚೆನ್ನಾಗಿ ಸಿಗುತ್ತದೆ, ದೂರ-ಹತ್ತಿರ ಅಷ್ಟು ಚೆನ್ನಾಗಿ ಸಿಗೋದಿಲ್ಲ. ಚಕ್ರ ತಿರುಗೋದು, ವಾಲೋದು ಎರಡೂ ದೂರ-ಹತ್ತಿರದ ಲೆಕ್ಕವೇ. ಅದಕ್ಕೆ ಚುಕ್ಕೆಗಳನ್ನು ತಟ್ಟೆಯಿಂದ ಹೆಚ್ಚು ಕಡಿಮೆ ಮುಂದೆ ಚಾಚಿರುವಂತೆ ಕೂರಿಸುತ್ತಾರೆ, ಇಲ್ಲವೇ ಎರಡನೇ ಕ್ಯಾಮೆರಾ ಇಡುತ್ತಾರೆ.

ಈಗ ನಿಮ್ಮ ಫೋನ್. ಸಾಮಾನ್ಯವಾಗಿ ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. 240 ಫ್ರೇಮಿನಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿಗೆ 4 ಮಿಲಿಸೆಕೆಂಡ್ ಹಿಡಿದರೆ, ಅಷ್ಟರಲ್ಲಿ 100 ಕಿ.ಮೀ. ವೇಗದ ಗಾಡಿಯ ಚಕ್ರ 20 ಡಿಗ್ರಿ ಸುತ್ತಿರುತ್ತದೆ. ನೇರ ಕಡ್ಡಿ ಬಾಗಿದಂತೆ ಕಾಣೋದು ಅದಕ್ಕೇ. 960 ಅಂತ ಬರೆದಿದ್ದರೂ ಕೆಲವು ಫೋನ್‌ಗಳು ನಡುವಿನ ಫ್ರೇಮ್‌ಗಳನ್ನು ಊಹಿಸಿ ತುಂಬುತ್ತವೆ. ಊಹಿಸಿದ ಚಿತ್ರವನ್ನು ಅಳೆಯೋಕಾಗುತ್ತಾ? ಇದರ ಮೇಲೆ, ಕೈ ನಡುಗಿದರೂ ಚಿತ್ರ ನಡುಗದಿರಲಿ ಅಂತ ಎಷ್ಟೋ ಫೋನ್‌ಗಳ ಲೆನ್ಸ್ ತಾನೇ ಅಲುಗಾಡುತ್ತಿರುತ್ತದೆ. ನೋಡೋಕೆ ಚೆಂದ, ಅಳತೆಗೆ ವಿಷ. ಅಳೆಯುವ ಕ್ಯಾಮೆರಾದಲ್ಲಿ ಎಲ್ಲ ಪಿಕ್ಸೆಲ್ ಒಂದೇ ಗಳಿಗೆಯಲ್ಲಿ ತೆರೆದು ಮುಚ್ಚಬೇಕು, ಲೆನ್ಸ್ ಕದಲಬಾರದು, ಲೆನ್ಸ್ ಎಲ್ಲಿ ಎಷ್ಟು ಸೊಟ್ಟ ಅನ್ನೋದು ಮೊದಲೇ ಲೆಕ್ಕಕ್ಕೆ ಸಿಕ್ಕಿರಬೇಕು.

ಯಾರೂ ಕೇಳದ ಒಂದು ಮಾತು ಹೇಳದೆ ಇರೋಕಾಗುತ್ತಿಲ್ಲ. ರಸ್ತೆ ಪಕ್ಕ ನಿಂತು, ಕ್ಯಾಮೆರಾ ಅಲುಗಿಸದೆ ತೆಗೆದ ಸೈಕಲ್ ಫೋಟೋ ನೋಡಿ. ಚಕ್ರದ ಕೆಳಗಿನ ಕಡ್ಡಿಗಳು ಸ್ಪಷ್ಟ, ಮೇಲಿನವು ಮಸುಕು. ಒಂದೇ ಚಕ್ರ ಅಲ್ವಾ? ಜಾರದೆ ಉರುಳುವ ಚಕ್ರದಲ್ಲಿ ನೆಲ ಮುಟ್ಟಿದ ಬಿಂದು ಆ ಕ್ಷಣ ನಿಂತೇ ಇರುತ್ತದೆ. ನಡುಬಿಂದು ಗಾಡಿಯ ವೇಗದಲ್ಲಿ ಹೋಗುತ್ತದೆ, ಮೇಲಿನ ತುದಿ ಅದರ ಎರಡರಷ್ಟು ವೇಗದಲ್ಲಿ. 100 ಕಿ.ಮೀ. ವೇಗದ ಕಾರಿನಲ್ಲಿ ಟೈರಿನ ನೆತ್ತಿ ರಸ್ತೆಯ ಲೆಕ್ಕದಲ್ಲಿ 200ರಲ್ಲಿ ಓಡುತ್ತಿರುತ್ತದೆ. ಕ್ಯಾಮೆರಾ ಗಾಡಿಯ ಮೇಲಿದ್ದರೆ ಈ ತಾರತಮ್ಯ ಇಲ್ಲ, ಅಂಚು ಸುತ್ತಲೂ ಒಂದೇ ಸಮ ಮಸುಕು. ಬ್ರೇಕ್ ಹಿಡಿದು ಚಕ್ರ ಪೂರ್ತಿ ಲಾಕ್ ಆಗಿ ಗಾಡಿ ಜಾರತೊಡಗಿತು ಅನ್ನಿ. ಆಗ ರಸ್ತೆ ಪಕ್ಕದ ಕ್ಯಾಮೆರಾಕ್ಕೆ ಇಡೀ ಚಕ್ರ ಒಂದೇ ಸಮ ಮಸುಕು, ಗಾಡಿಯ ಮೇಲಿನ ಕ್ಯಾಮೆರಾಕ್ಕೆ ಟೈರಿನ ಮೇಲಿನ ಅಕ್ಷರವನ್ನೂ ಓದಬಹುದು.