ತರಬೇತಿ ಮುಗಿದ ಮೇಲಿನ ಅರ್ಧ ಗಂಟೆ

ನಾಯಕತ್ವ ತರಬೇತಿಯ ಕೊನೆಯಲ್ಲಿ ತುಂಬಿಸಿಕೊಳ್ಳುವ ಹಿಮ್ಮಾಹಿತಿ ನಮೂನೆಗಳ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಮಂಡ್ಯ ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರಿರಲಿ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಪದಾಧಿಕಾರಿಗಳಿರಲಿ, ಸಂಜೆಯ ಬಸ್ ತಪ್ಪಿಹೋಗುವ ಧಾವಂತದಲ್ಲಿ ‘ತುಂಬಾ ಚೆನ್ನಾಗಿತ್ತು’ ಎಂದು ಬರೆದುಕೊಟ್ಟು ಹೊರಡುತ್ತಾರೆ. ಮುಖಕ್ಕೆ ಹೊಡೆದ ಹಾಗೆ ಹೇಳುವ ಜನ ಅವರಲ್ಲ. ಊಟ ರುಚಿಯಾಗಿದ್ದರಂತೂ ತರಬೇತುದಾರರಿಗೂ ಪೂರ್ಣಾಂಕ. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಹಂತಗಳನ್ನು ಹೇಳಿದ್ದರು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ನಮ್ಮ ನಮೂನೆ ಮೊದಲನೆಯದರಲ್ಲೇ ಮುಗಿದುಹೋಗುತ್ತದೆ. ತರಬೇತುದಾರರು ತಾವೇನು ಕಲಿತರು ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಆ ಕೆಲಸವನ್ನು ನಮ್ಮ ತಂಡದಲ್ಲಿ ಒಂದು ನೋಟ್‌ಬುಕ್ ಮಾಡುತ್ತದೆ. ಒಬ್ಬರು ಗೋಷ್ಠಿ ನಡೆಸುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಬರೆಯುತ್ತಾರೆ. ಕಂಡದ್ದು, ಕೇಳಿದ್ದು ಮಾತ್ರ. ‘ಉತ್ಸಾಹಭರಿತ ಚರ್ಚೆ ನಡೆಯಿತು’ ಎಂಬಂಥ ವಾಕ್ಯಕ್ಕೆ ಅಲ್ಲಿ ಪ್ರವೇಶವಿಲ್ಲ. ಶಿಬಿರಾರ್ಥಿಗಳು ಹೋದ ಮೇಲೆ ಇಬ್ಬರೂ ಅರ್ಧ ಗಂಟೆ ಅದನ್ನು ಮುಂದಿಟ್ಟುಕೊಂಡು ಕೂರುತ್ತಾರೆ.

ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ತರಬೇತಿಯ ಪುಟ ಹೀಗಿತ್ತು: ‘ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಲೆಕ್ಕ ಕೇಳಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ. ಅಧ್ಯಕ್ಷೆ ಹಿಂದಿನ ಸಾಲಿನತ್ತ ತಿರುಗಿದರು. ಅಲ್ಲಿದ್ದ ಅವರ ಯಜಮಾನರು ಉತ್ತರಿಸಿದರು. ತರಬೇತುದಾರರು: ಸರಿಯಾಗಿ ಹೇಳಿದಿರಿ.’

ಅದೇ ತರಬೇತುದಾರರು ಬೆಳಿಗ್ಗೆ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವುದರ ಅರ್ಥವೇನು ಎಂದು ಮನಮುಟ್ಟುವಂತೆ ಮಾತನಾಡಿದ್ದರು. ಪುಟ ಓದಿದಾಗ ಮೊದಲು ‘ನಾನು ಹಾಗೆ ಹೇಳಲೇ ಇಲ್ಲ’ ಎಂದರು. ಸುಳ್ಳು ಹೇಳಿದ್ದಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ವೃತ್ತಿಪರರ ಕಲಿಕೆಯನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸರಾದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶಾನ್ 1974ರಲ್ಲಿ ಗುರುತಿಸಿದ್ದು ಇದನ್ನೇ: ನಾವು ನಂಬುತ್ತೇವೆಂದು ಹೇಳಿಕೊಳ್ಳುವ ತತ್ವವೊಂದು, ಕೆಲಸದ ಹೊತ್ತಿನಲ್ಲಿ ನಮ್ಮನ್ನು ನಡೆಸುವ ತತ್ವ ಇನ್ನೊಂದು. ಎರಡನೆಯದು ನಮಗೇ ಕಾಣುವುದಿಲ್ಲ. ಒಬ್ಬರೇ ಕುಳಿತು ಡೈರಿ ಬರೆದರೆ ಸಾಲದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮರುದಿನ ಅವರು ಎರಡೇ ಬದಲಾವಣೆ ಮಾಡಿದರು. ಪ್ರಶ್ನೆ ಕೇಳಿದ ಮೇಲೆ ಸದಸ್ಯೆಯರು ಇಬ್ಬಿಬ್ಬರಾಗಿ ಮಾತನಾಡಿಕೊಳ್ಳಲು ಸಮಯ ಕೊಟ್ಟರು. ನಂತರ ಉತ್ತರಕ್ಕಾಗಿ ಸುಮ್ಮನೆ ಕಾದರು. ಕಾಯುವುದು ಸಣ್ಣ ವಿಷಯವಲ್ಲ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೂ ತಾಳುವುದಿಲ್ಲ, ಮೂರು ಸೆಕೆಂಡು ತಾಳಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಮೈಕ್ ಹಿಡಿದವರಿಗೆ ಮೂರು ಸೆಕೆಂಡಿನ ಮೌನ ಮೂರು ನಿಮಿಷವಾಗಿ ಕಾಣುತ್ತದೆ, ಅದು ಬೇರೆ ಮಾತು. ಅಂದು ಅಧ್ಯಕ್ಷೆ ಹೇಳಿದ್ದು: ‘ಲೆಕ್ಕ ಹೇಳಬಹುದು ಸಾರ್, ಆದರೆ ಪುಸ್ತಕವನ್ನು ನನಗೆ ಯಾರೂ ತೋರಿಸಿಲ್ಲ.’ ಮುಂದಿನ ಒಂದು ಗಂಟೆ ಸಿದ್ಧಪಡಿಸಿದ್ದ ಪಾಠವನ್ನು ಬದಿಗಿಟ್ಟು ನಗದು ಪುಸ್ತಕ ಓದುವುದನ್ನೇ ಕಲಿಸಬೇಕಾಯಿತು.

ಈ ಕ್ರಮಕ್ಕೆ ದೊಡ್ಡ ಅಡ್ಡಿಯೆಂದರೆ ನಮ್ಮ ಹಿರಿತನ, ಕಿರಿತನ. ನೋಟ್‌ಬುಕ್ ಹೆಚ್ಚಾಗಿ ಕಿರಿಯರ ಕೈಗೆ ಬರುತ್ತದೆ. ‘ಸಾರ್, ನೀವೇ ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿದಿರಿ’ ಎನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ತಂಡದ ಅತಿ ಹಿರಿಯರ ಗೋಷ್ಠಿಯ ಪುಟವನ್ನೇ ನಾವು ಮೊದಲು ಓದಿಸುತ್ತೇವೆ, ಅದೂ ಅವರ ಬಾಯಿಂದಲೇ. ಇನ್ನೊಂದು ಅಡ್ಡಿ, ಸಮಯವಿಲ್ಲ ಎಂಬ ದೂರು. ಉದ್ಘಾಟನೆ, ಸ್ವಾಗತ, ವಂದನಾರ್ಪಣೆಗೆ ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆ ಸಿಗುವುದಾದರೆ, ಅದರಲ್ಲಿ ಹಾರ ತುರಾಯಿಯ ಅರ್ಧ ಗಂಟೆಯನ್ನು ಇತ್ತ ತಿರುಗಿಸಿಕೊಳ್ಳಲು ಯಾವ ಸುತ್ತೋಲೆಯೂ ಬೇಕಿಲ್ಲ.